ಪ್ರೊಸ್ಟಾಗ್ಲಾಂಡಿನ್: ಒಂದೇ ಕಿಣ್ವದಾರಿಯನ್ನು ತಡೆಯುವ ಎರಡು ಔಷಧಗಳು ಹೃದಯದ ಮೇಲೆ ವಿರುದ್ಧ ಪರಿಣಾಮ ಬೀರುವುದೇಕೆ?

ಪ್ರಶ್ನೆ: ಜೀವರಸಾಯನ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಜೀವರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ಜೀವಕೋಶಗಳು ನೆರೆಯ ಕೋಶಗಳಿಗೆ ಸಂದೇಶ ಮುಟ್ಟಿಸಲು ಕೊಬ್ಬಿನಿಂದ ತಯಾರಿಸುವ ಪ್ರೊಸ್ಟಾಗ್ಲಾಂಡಿನ್‌ಗಳು (ಚಿಕ್ಕದಾಗಿ ಪಿಜಿ) ತಯಾರಾಗುವ ಹಂತಗಳು ನನಗೆ ಬಾಯಿಪಾಠವಾಗಿವೆ. ಜೀವಕೋಶದ ಪೊರೆಯಲ್ಲಿರುವ ಫಾಸ್ಫೋಲಿಪಿಡ್‌ಗಳಿಂದ ಫಾಸ್ಫೋಲಿಪೇಸ್ ಎ2 ಎಂಬ ಕಿಣ್ವವು 20 ಇಂಗಾಲಗಳ ಅರಾಕಿಡೋನಿಕ್ ಆಮ್ಲವನ್ನು ಬಿಡಿಸಿಕೊಡುತ್ತದೆ; ಸೈಕ್ಲೊಆಕ್ಸಿಜನೇಸ್, ಅಂದರೆ ಕಾಕ್ಸ್ ಕಿಣ್ವ, ಅದಕ್ಕೆ ಆಮ್ಲಜನಕ ಸೇರಿಸಿ ಮೊದಲು ಪಿಜಿ-ಜಿ2, ಆಮೇಲೆ ಪಿಜಿ-ಎಚ್2 ಆಗಿಸುತ್ತದೆ; ಅಲ್ಲಿಂದ ಮುಂದೆ ಪ್ರೊಸ್ಟಾಗ್ಲಾಂಡಿನ್ ಇ2, ಡಿ2, ಎಫ್2-ಆಲ್ಫಾ, ಪ್ರೊಸ್ಟಾಸೈಕ್ಲಿನ್ ಮತ್ತು ಥ್ರಾಂಬಾಕ್ಸೇನ್ ಎ2 ಎಂದು ದಾರಿ ಕವಲೊಡೆಯುತ್ತದೆ. ಇಲ್ಲಿಯವರೆಗೆ ತೊಡಕಿಲ್ಲ.

ತೊಡಕಿರುವುದು ಈ ನಕ್ಷೆಯನ್ನು ಕಾಯಿಲೆಗೆ ಹೊಂದಿಸುವಾಗ. ಆಸ್ಪಿರಿನ್ ಕಾಕ್ಸ್ ಕಿಣ್ವವನ್ನು ತಡೆದು ಹೃದಯಾಘಾತದ ಸಾಧ್ಯತೆಯನ್ನು ತಗ್ಗಿಸುತ್ತದೆ ಎಂದು ಒಂದು ಅಧ್ಯಾಯ ಹೇಳುತ್ತದೆ. ಅದೇ ದಾರಿಯನ್ನು ತಡೆಯುವ ರೋಫೆಕಾಕ್ಸಿಬ್ ಎಂಬ ಔಷಧವು ಹೃದಯಾಘಾತವನ್ನು ಹೆಚ್ಚಿಸಿದ್ದರಿಂದ 2004ರಲ್ಲಿ ಮಾರುಕಟ್ಟೆಯಿಂದ ಹಿಂದೆಗೆಯಲ್ಪಟ್ಟಿತು ಎಂದು ಮತ್ತೊಂದು ಅಧ್ಯಾಯ ಹೇಳುತ್ತದೆ. ಹಾಗೆಯೇ, ನೋವು ಮತ್ತು ಜ್ವರಕ್ಕೆ ಕಾರಣವಾಗುವ ಇ2 ಜಠರವನ್ನು ಕಾಪಾಡುತ್ತದೆ ಎಂದೂ, ನವಜಾತ ಶಿಶುಗಳ ಚಿಕಿತ್ಸೆಯಲ್ಲಿ ಅದರ ಸಮೀಪದ ಇ1ನ್ನು ಔಷಧವಾಗಿ ಕೊಡುತ್ತಾರೆ ಎಂದೂ ಓದಿದ್ದೇನೆ. ಈ ವಸ್ತುಗಳನ್ನು ದೇಹಕ್ಕೆ ಹಿತವೆಂದು ಎಣಿಸಬೇಕೋ ಅಹಿತವೆಂದು ಎಣಿಸಬೇಕೋ ತಿಳಿಯುತ್ತಿಲ್ಲ. ಇದರ ಹಿಂದಿನ ತರ್ಕವನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಔಷಧಶಾಸ್ತ್ರ ಬೋಧಕ

ಹಿತ, ಅಹಿತ ಎಂಬ ಎರಡು ಖಾನೆಗಳನ್ನು ಮೊದಲು ಬದಿಗಿಡಿ. ಪ್ರೊಸ್ಟಾಗ್ಲಾಂಡಿನ್ ವಿಷಯದಲ್ಲಿ ಕೇಳಬೇಕಾದದ್ದು ಬೇರೆ: ಯಾವ ಜೀವಕೋಶ ಅದನ್ನು ತಯಾರಿಸಿತು, ಪಕ್ಕದ ಯಾವ ಜೀವಕೋಶದ ಯಾವ ಗ್ರಾಹಕಕ್ಕೆ ಅದು ತಗುಲಿತು, ಮತ್ತು ಎಷ್ಟು ಬೇಗ ನಾಶವಾಯಿತು. ಇನ್ಸುಲಿನ್‌ನಂತೆ ಇದನ್ನು ತಯಾರಿಸಿ ಕೂಡಿಡುವ ಗ್ರಂಥಿಯಿಲ್ಲ. ಬೇಕೆನಿಸಿದ ಕ್ಷಣದಲ್ಲಿ ಪೊರೆಯ ಕೊಬ್ಬಿನಿಂದಲೇ ತಯಾರಾಗುತ್ತದೆ, ನೆರೆಯ ಕೋಶಗಳಿಗೆ ಸಂದೇಶ ಮುಟ್ಟಿಸುತ್ತದೆ, ರಕ್ತ ಸೇರಿದರೆ ಅದರ ಬಹುಭಾಗ ಶ್ವಾಸಕೋಶವನ್ನು ಒಂದು ಬಾರಿ ಹಾದುಹೋಗುವಷ್ಟರಲ್ಲಿ ನಾಶವಾಗುತ್ತದೆ. ಥ್ರಾಂಬಾಕ್ಸೇನ್ ಎ2ರ ಅರ್ಧಾಯುಷ್ಯವಂತೂ ಸುಮಾರು 30 ಸೆಕೆಂಡು. ಇಷ್ಟು ಅಲ್ಪಾಯುಷಿಯಾದ ವಸ್ತು ಹುಟ್ಟಿದ ಜಾಗದಲ್ಲಲ್ಲದೆ ಬೇರೆಲ್ಲೂ ಹೆಚ್ಚಿನ ಕೆಲಸ ಮಾಡಲಾರದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕಾಕ್ಸ್ ಕಿಣ್ವಕ್ಕೆ ಕಾಕ್ಸ್-1, ಕಾಕ್ಸ್-2 ಎಂಬ ಎರಡು ರೂಪಗಳಿವೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳಲ್ಲಿ ಇರುವುದು ಬಹುತೇಕ ಕಾಕ್ಸ್-1 ಮಾತ್ರ. ಅವು ಅದರಿಂದ ಥ್ರಾಂಬಾಕ್ಸೇನ್ ಎ2 ತಯಾರಿಸುತ್ತವೆ, ಅದು ಉಳಿದ ಪ್ಲೇಟ್‌ಲೆಟ್‌ಗಳನ್ನು ಒಟ್ಟುಗೂಡಿಸಿ ರಕ್ತನಾಳವನ್ನು ಸಂಕುಚಿಸುತ್ತದೆ. ರಕ್ತನಾಳದ ಒಳಪದರದ ಕೋಶಗಳು ತಯಾರಿಸುವುದು ಪ್ರೊಸ್ಟಾಸೈಕ್ಲಿನ್. ಅದು ಪ್ಲೇಟ್‌ಲೆಟ್‌ಗಳನ್ನು ಸುಮ್ಮನಿರಿಸಿ ನಾಳವನ್ನು ಹಿಗ್ಗಿಸುತ್ತದೆ. ಎರಡಕ್ಕೂ ಮೂಲವಸ್ತು ಒಂದೇ, ಪಿಜಿ-ಎಚ್2. ಆದರೆ ಮನುಷ್ಯರ ದೇಹದಲ್ಲಿ ಪ್ರೊಸ್ಟಾಸೈಕ್ಲಿನ್‌ನ ಗಣನೀಯ ಪಾಲು ಕಾಕ್ಸ್-2 ಮೂಲಕ ಬರುತ್ತದೆ ಎಂಬುದು, ಕಾಕ್ಸ್-2ನ್ನಷ್ಟೇ ತಡೆಯುವ ಔಷಧ ಕೊಟ್ಟಾಗ ಮೂತ್ರದಲ್ಲಿ ಪ್ರೊಸ್ಟಾಸೈಕ್ಲಿನ್‌ನ ಉಳಿಕೆ ಇಳಿದು ಥ್ರಾಂಬಾಕ್ಸೇನ್‌ನ ಉಳಿಕೆ ಹಾಗೇ ಇದ್ದದ್ದರಿಂದ ತಿಳಿಯಿತು. ಗ್ಯಾರೆಟ್ ಫಿಟ್ಜ್‌ಜೆರಾಲ್ಡ್ ಅವರ ತಂಡ ಇದನ್ನು 1999ರಲ್ಲೇ ತೋರಿಸಿ, ಹೆಪ್ಪುಗಟ್ಟುವ ಅಪಾಯದ ಬಗ್ಗೆ ಎಚ್ಚರಿಸಿತ್ತು.

ಆಸ್ಪಿರಿನ್‌ನ ವೈಶಿಷ್ಟ್ಯ ಇರುವುದು ಅದು ಕಿಣ್ವಕ್ಕೆ ಅಂಟಿಕೊಳ್ಳುವ ಬಗೆಯಲ್ಲಿ. ಅದು ಕಾಕ್ಸ್-1ರ ಒಂದು ಸೆರಿನ್ ಘಟಕಕ್ಕೆ ಅಸಿಟೈಲ್ ಗುಂಪನ್ನು ಕೂಡಿಸಿ ಕಿಣ್ವವನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲದ ಕಾರಣ ಅದು ಹೊಸ ಕಿಣ್ವವನ್ನು ತಯಾರಿಸಿಕೊಳ್ಳಲಾರದು, ಆದ್ದರಿಂದ ಅದರ ಉಳಿದ ಆಯುಷ್ಯವೆಲ್ಲ, ಅಂದರೆ ಹೆಚ್ಚೆಂದರೆ 7ರಿಂದ 10 ದಿನ, ಥ್ರಾಂಬಾಕ್ಸೇನ್ ಇಲ್ಲದೆಯೇ ಕಳೆಯುತ್ತದೆ. ರಕ್ತನಾಳದ ಒಳಪದರದ ಕೋಶವಾದರೋ ಕೆಲವು ಗಂಟೆಗಳಲ್ಲಿ ಹೊಸ ಕಿಣ್ವ ತಯಾರಿಸಿಕೊಂಡು ಚೇತರಿಸಿಕೊಳ್ಳುತ್ತದೆ. ಇದರ ಜೊತೆಗೆ, ಕರುಳಿನಿಂದ ಹೀರಲ್ಪಟ್ಟ ಆಸ್ಪಿರಿನ್ ಮೊದಲು ಯಕೃತ್ತಿನ ಕಡೆಗೆ ಹರಿಯುವ ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳನ್ನು ಮುಟ್ಟುತ್ತದೆ, ಯಕೃತ್ತಿನಲ್ಲಿ ಅದರ ಬಹುಪಾಲು ಸ್ಯಾಲಿಸಿಲೇಟ್ ಆಗಿ ಅಸಿಟೈಲ್ ಗುಂಪನ್ನು ಕಳೆದುಕೊಳ್ಳುತ್ತದೆ. ಹೀಗಾಗಿ ದಿನಕ್ಕೆ 75ರಿಂದ 100 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣದಲ್ಲಿ ಅದು ಥ್ರಾಂಬಾಕ್ಸೇನ್ ಪಕ್ಷವನ್ನು ಹೆಚ್ಚು, ಪ್ರೊಸ್ಟಾಸೈಕ್ಲಿನ್ ಪಕ್ಷವನ್ನು ಕಡಿಮೆ ಬಾಧಿಸುತ್ತದೆ.

ರೋಫೆಕಾಕ್ಸಿಬ್ ಮಾಡಿದ್ದು ಸರಿಯಾಗಿ ಇದರ ತಿರುವುಮುರುವು. ಜಠರದ ಹುಣ್ಣು ತಪ್ಪಿಸಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಕಾಕ್ಸ್-2ನ್ನಷ್ಟೇ ತಡೆಯುವಂತೆ ಅದನ್ನು ರೂಪಿಸಲಾಗಿತ್ತು, ಹುಣ್ಣು ಕಡಿಮೆಯಾದದ್ದೂ ನಿಜ. ಆದರೆ ಪ್ರೊಸ್ಟಾಸೈಕ್ಲಿನ್ ಇಳಿಯಿತು, ಥ್ರಾಂಬಾಕ್ಸೇನ್‌ಗೆ ಅಡ್ಡಿಯಿರಲಿಲ್ಲ. 2000ದಲ್ಲಿ ಪ್ರಕಟವಾದ ವಿಗರ್ ಅಧ್ಯಯನದಲ್ಲಿ ನ್ಯಾಪ್ರಾಕ್ಸೆನ್ ಎಂಬ ಹಳೆಯ ನೋವುನಿವಾರಕ ಪಡೆದವರಿಗಿಂತ ರೋಫೆಕಾಕ್ಸಿಬ್ ಪಡೆದವರಲ್ಲಿ ಹೃದಯಾಘಾತ ಹೆಚ್ಚಾಗಿ ಕಂಡಾಗ, ರೋಫೆಕಾಕ್ಸಿಬ್‌ಗೆ ದೋಷವಿಲ್ಲ, ನ್ಯಾಪ್ರಾಕ್ಸೆನ್ನೇ ಹೃದಯವನ್ನು ರಕ್ಷಿಸಿತು ಎಂಬ ಸಮರ್ಥನೆ ಬಂತು. ನನ್ನ ದೃಷ್ಟಿಯಲ್ಲಿ, ಜೀವಶಾಸ್ತ್ರದ ಸುಳಿವು ಮೊದಲೇ ಸಿಕ್ಕಿದ್ದಾಗ ಆ ಸಮರ್ಥನೆಯನ್ನು ಅಷ್ಟು ಸುಲಭವಾಗಿ ಒಪ್ಪಬಾರದಿತ್ತು. ಔಷಧವಲ್ಲದ ಹುಸಿಗುಳಿಗೆಯೊಂದಿಗೆ ಹೋಲಿಸಿದ ಅಪ್ರೂವ್ ಎಂಬ ಪರೀಕ್ಷೆಯಲ್ಲೂ ಅಪಾಯ ಸುಮಾರು ಎರಡು ಪಟ್ಟಾದ ಮೇಲೆ, 2004ರ ಸೆಪ್ಟೆಂಬರ್‌ನಲ್ಲಿ ಔಷಧವನ್ನು ಹಿಂದಕ್ಕೆ ಪಡೆಯಲಾಯಿತು. ಅಪಾಯ ಕಾಕ್ಸಿಬ್‌ಗಳಿಗಷ್ಟೇ, ಅಂದರೆ ಕಾಕ್ಸ್-2ನ್ನಷ್ಟೇ ತಡೆಯುವ ಔಷಧಗಳಿಗಷ್ಟೇ, ಸೀಮಿತವೆಂದೂ ತಿಳಿಯಬೇಡಿ. ಡೈಕ್ಲೋಫೆನಾಕ್‌ನಂಥ ಹಳೆಯ ನೋವುನಿವಾರಕಗಳಲ್ಲೂ ಅದು ಕಂಡುಬಂದಿದೆ.

ಜ್ವರ, ನೋವು, ಜಠರ ಇವುಗಳ ಕುರಿತು ಚಿಕ್ಕದಾಗಿ ಹೇಳುತ್ತೇನೆ. ಇ2ಗೆ ಇಪಿ1ರಿಂದ ಇಪಿ4ರವರೆಗೆ ನಾಲ್ಕು ಗ್ರಾಹಕಗಳಿವೆ. ಇಪಿ2 ಮತ್ತು ಇಪಿ4 ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ಅಣುವನ್ನು ಏರಿಸುತ್ತವೆ, ಇಪಿ3 ಸಾಮಾನ್ಯವಾಗಿ ಇಳಿಸುತ್ತದೆ. ಹಾಗಾಗಿ ಒಂದೇ ಅಣು ಒಂದು ಸ್ನಾಯುವನ್ನು ಸಡಿಲಿಸಿ ಇನ್ನೊಂದನ್ನು ಬಿಗಿಸುವುದರಲ್ಲಿ ವಿರೋಧಾಭಾಸವೇನೂ ಇಲ್ಲ. ಸೋಂಕಿನ ವೇಳೆ ಇಂಟರ್‌ಲ್ಯೂಕಿನ್-1ರಂಥ ಸಂದೇಶವಾಹಕಗಳು ಮಿದುಳಿನ ರಕ್ತನಾಳಗಳಲ್ಲಿ ಕಾಕ್ಸ್-2ನ್ನು ಎಬ್ಬಿಸುತ್ತವೆ, ಅಲ್ಲಿ ತಯಾರಾದ ಇ2, ಉಷ್ಣಾಂಶವನ್ನು ನಿಯಂತ್ರಿಸುವ ಮಿದುಳಿನ ಭಾಗವಾದ ಹೈಪೊಥಲಾಮಸ್‌ನ ಇಪಿ3 ಗ್ರಾಹಕಗಳ ಮೂಲಕ ದೇಹದ ಉಷ್ಣಾಂಶದ ಮಟ್ಟವನ್ನು ಮೇಲಕ್ಕೇರಿಸುತ್ತದೆ. ಇಪಿ3 ಇಲ್ಲದಂತೆ ಮಾಡಿದ ಇಲಿಗಳಿಗೆ ಈ ಬಗೆಯ ಜ್ವರವೇ ಬರುವುದಿಲ್ಲ ಎಂದು 1998ರಲ್ಲಿ ತೋರಿಸಲಾಯಿತು. ನೋವಿನಲ್ಲಿ ಇ2 ತಾನೇ ನೋಯಿಸುವುದಕ್ಕಿಂತ ಹೆಚ್ಚಾಗಿ ನರತುದಿಗಳನ್ನು ಸೂಕ್ಷ್ಮಗೊಳಿಸುತ್ತದೆ, ಬ್ರಾಡಿಕಿನಿನ್‌ನಂಥ ವಸ್ತುಗಳಿಗೆ ಅವು ಬೇಗ ಪ್ರತಿಕ್ರಿಯಿಸುವಂತೆ ಮಾಡುತ್ತದೆ. ಜಠರದಲ್ಲಿ ಅದೇ ಇ2 ಲೋಳೆಯನ್ನೂ ಬೈಕಾರ್ಬನೇಟನ್ನೂ ರಕ್ತಸಂಚಾರವನ್ನೂ ಹೆಚ್ಚಿಸಿ ಆಮ್ಲವನ್ನು ತಗ್ಗಿಸುತ್ತದೆ.

ಉತ್ತರ 2: ಪ್ರಸೂತಿ ವಿಭಾಗದ ವೈದ್ಯೆ

ಬೋಧಕರ ವಿವರಣೆ ಸಮರ್ಪಕವಾಗಿದೆ. ನವಜಾತ ಶಿಶುವಿನ ಪ್ರಸ್ತಾಪ ಬಂದಿರುವುದರಿಂದ ನನ್ನ ವೃತ್ತಿಯ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ ಯಾವ ಕೋಶ, ಯಾವ ಗ್ರಾಹಕ ಎನ್ನುವುದರ ಜೊತೆಗೆ ಯಾವ ಗಳಿಗೆ ಎನ್ನುವುದೂ ಇಲ್ಲಿ ನಿರ್ಣಾಯಕವಾಗುತ್ತದೆ.

ಗರ್ಭದಲ್ಲಿರುವ ಶಿಶುವಿನ ಶ್ವಾಸಕೋಶ ಕೆಲಸ ಮಾಡುತ್ತಿರುವುದಿಲ್ಲ. ಶ್ವಾಸಕೋಶದ ಅಪಧಮನಿಯನ್ನೂ ಮಹಾಪಧಮನಿಯನ್ನೂ ಕೂಡಿಸುವ ಒಂದು ಚಿಕ್ಕ ನಾಳದ ಮೂಲಕ ಹೆಚ್ಚಿನ ರಕ್ತ ಶ್ವಾಸಕೋಶವನ್ನು ತಪ್ಪಿಸಿ ಹರಿಯುತ್ತದೆ. ಈ ನಾಳವನ್ನು, ಅಂದರೆ ಡಕ್ಟಸ್ ಆರ್ಟೀರಿಯೋಸಸನ್ನು, ತೆರೆದಿಡುವ ಮುಖ್ಯ ವಸ್ತು ಇ2. ಅದರ ದೊಡ್ಡ ಮೂಲ ಮಾಸು. ಹೆರಿಗೆಯಾದೊಡನೆ ಮಾಸಿನ ಸಂಪರ್ಕ ಕಡಿಯುತ್ತದೆ, ಶ್ವಾಸಕೋಶಕ್ಕೆ ಒಮ್ಮೆಗೇ ರಕ್ತ ನುಗ್ಗಿ ಅಲ್ಲಿ ಇ2 ನಾಶವಾಗತೊಡಗುತ್ತದೆ, ರಕ್ತದ ಆಮ್ಲಜನಕ ಏರುತ್ತದೆ, ಈ ಎಲ್ಲದರ ಒಟ್ಟು ಫಲವಾಗಿ ನಾಳ ಮುಚ್ಚಿಕೊಳ್ಳುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ ಅದು ಮುಚ್ಚದೆ ತೊಂದರೆ ಕೊಟ್ಟರೆ ಕಾಕ್ಸ್ ತಡೆಯುವ ನೋವುನಿವಾರಕಗಳಾದ ಇಂಡೊಮೆಥಾಸಿನ್ ಅಥವಾ ಐಬುಪ್ರೊಫೆನ್ ಕೊಟ್ಟು ಮುಚ್ಚಿಸಲು ಯತ್ನಿಸುತ್ತಾರೆ. ಹೃದಯದ ರಚನೆಯಲ್ಲೇ ದೋಷವಿದ್ದು ಆ ನಾಳದ ಮೂಲಕವೇ ಜೀವ ಉಳಿಯಬೇಕಾದ ಮಗುವಿಗೆ ಇದಕ್ಕೆ ವಿರುದ್ಧವಾಗಿ ಆಲ್ಪ್ರೊಸ್ಟಡಿಲ್, ಅಂದರೆ ಪ್ರೊಸ್ಟಾಗ್ಲಾಂಡಿನ್ ಇ1, ಸತತವಾಗಿ ರಕ್ತನಾಳಕ್ಕೆ ಹರಿಸಿ ಶಸ್ತ್ರಚಿಕಿತ್ಸೆಯವರೆಗೆ ನಾಳವನ್ನು ತೆರೆದಿಡುತ್ತಾರೆ. ಆಗ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ, ಉಸಿರು ತಾತ್ಕಾಲಿಕವಾಗಿ ನಿಲ್ಲುವುದೂ ಉಂಟು, ಆದ್ದರಿಂದ ನಿರಂತರ ನಿಗಾ ಬೇಕು. ನಾಳ ಅಕಾಲದಲ್ಲಿ ಮುಚ್ಚಿಬಿಡಬಹುದೆಂಬ ಕಾರಣಕ್ಕೆ ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ ಈ ವರ್ಗದ ನೋವುನಿವಾರಕಗಳನ್ನು ಕೊಡುವುದಿಲ್ಲ. ಭ್ರೂಣದ ಮೂತ್ರಪಿಂಡ ಬಾಧಿತವಾಗಿ ಗರ್ಭಜಲ ಕಡಿಮೆಯಾಗುವ ಸಂಭವವಿರುವುದರಿಂದ, 20 ವಾರಗಳ ನಂತರವೇ ಜಾಗ್ರತೆ ವಹಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಸೂಚಿಸಿತು.

ಮುಟ್ಟಿನ ನೋವೂ ಇದೇ ಕಥೆಯ ಭಾಗ. ಪ್ರೊಜೆಸ್ಟಿರಾನ್ ಎಂಬ ಹಾರ್ಮೋನು ಇಳಿದಾಗ ಗರ್ಭಕೋಶದ ಒಳಪದರದಲ್ಲಿ ಎಫ್2-ಆಲ್ಫಾ ಮತ್ತು ಇ2 ಹೆಚ್ಚುತ್ತವೆ. ಎಫ್2-ಆಲ್ಫಾ ಗರ್ಭಕೋಶದ ಸ್ನಾಯುವನ್ನೂ ಅದರ ರಕ್ತನಾಳಗಳನ್ನೂ ಬಿಗಿಯಾಗಿ ಸಂಕುಚಿಸಿ ರಕ್ತಪೂರೈಕೆಯನ್ನು ತಗ್ಗಿಸುತ್ತದೆ. ಆ ದಿನಗಳಲ್ಲಿ ಹಲವರಿಗೆ ವಾಕರಿಕೆ, ಭೇದಿ, ತಲೆನೋವು ಕೂಡ ಕಾಣಿಸಿಕೊಳ್ಳುವುದು ಇದರಿಂದಲೇ. ಇದು ಮನಸ್ಸಿನ ದೌರ್ಬಲ್ಯವೆಂದು ಹೇಳಿ ಹೆಣ್ಣುಮಕ್ಕಳನ್ನು ಹಿಂದಕ್ಕೆ ಕಳುಹಿಸುತ್ತಿದ್ದ ಕಾಲವೊಂದಿತ್ತು. ಈಗಲೂ ಅದು ಪೂರ್ತಿ ಹೋಗಿಲ್ಲವೆಂಬುದು ಬೇಸರದ ಸಂಗತಿ. ನೋವುನಿವಾರಕಗಳು ಈಗಾಗಲೇ ತಯಾರಾಗಿರುವ ಪ್ರೊಸ್ಟಾಗ್ಲಾಂಡಿನ್ ಅನ್ನು ತೆಗೆದುಹಾಕುವುದಿಲ್ಲ, ಹೊಸದರ ತಯಾರಿಕೆಯನ್ನು ತಡೆಯುತ್ತವೆ. ನೋವು ಉಲ್ಬಣಿಸುವ ಮುನ್ನವೇ ತೆಗೆದುಕೊಂಡರೆ ಅವು ಹೆಚ್ಚು ಫಲಕಾರಿಯಾಗುವುದರ ಕಾರಣ ಇದು.

ಹೆರಿಗೆಯಲ್ಲಿ ಗರ್ಭಕೋಶದ ಕೊರಳನ್ನು ಮೃದುಗೊಳಿಸಲು ಡೈನೊಪ್ರೊಸ್ಟೋನ್, ಅಂದರೆ ಇ2ನ್ನೇ, ಬಳಸುತ್ತೇವೆ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಎಫ್2-ಆಲ್ಫಾದ ಮಾರ್ಪಟ್ಟ ರೂಪವಾದ ಕಾರ್ಬೊಪ್ರೊಸ್ಟ್ ಇದೆ, ಆದರೆ ಅದು ಶ್ವಾಸನಾಳಗಳನ್ನೂ ಸಂಕುಚಿಸುವುದರಿಂದ ಆಸ್ತಮಾ ಇರುವವರಿಗೆ ಕೊಡುವುದಿಲ್ಲ. ಜಠರದ ಹುಣ್ಣಿಗೆಂದು ರೂಪುಗೊಂಡ, ಇ1ರ ಕೃತಕ ರೂಪವಾದ ಮಿಸೊಪ್ರೊಸ್ಟಾಲ್ ಇಂದು ಹೆಚ್ಚು ಕೆಲಸಕ್ಕೆ ಬರುತ್ತಿರುವುದು ಪ್ರಸೂತಿಯಲ್ಲಿ.

ಉತ್ತರ 3: ಪಶುವೈದ್ಯ

ರಕ್ತ ಸೇರಿದ ಪ್ರೊಸ್ಟಾಗ್ಲಾಂಡಿನ್ ದೂರ ಹೋಗಿ ಕೆಲಸ ಮಾಡಲಾರದು ಎಂಬ ಮಾತಿಗೆ ಪ್ರಾಣಿಲೋಕದಲ್ಲಿ ಒಂದು ಜಾಣ ಅಪವಾದವಿದೆ. ಹಸು ಮತ್ತು ಕುರಿಗಳಲ್ಲಿ ಗರ್ಭ ನಿಲ್ಲದಿದ್ದರೆ ಗರ್ಭಕೋಶವೇ ಎಫ್2-ಆಲ್ಫಾವನ್ನು ಅಲೆಅಲೆಯಾಗಿ ಬಿಡುಗಡೆ ಮಾಡಿ ಅಂಡಾಶಯದಲ್ಲಿ ಅಂಡ ಬಿಡುಗಡೆಯಾದ ಜಾಗದಲ್ಲಿ ರೂಪುಗೊಂಡು ಪ್ರೊಜೆಸ್ಟಿರಾನ್ ಸ್ರವಿಸುವ ಕಾರ್ಪಸ್ ಲೂಟಿಯಮ್ಮನ್ನು ಕರಗಿಸುತ್ತದೆ, ಆಗ ಮುಂದಿನ ಬೆದೆಗೆ ದಾರಿಯಾಗುತ್ತದೆ. ಆದರೆ ಅದು ಸಾಮಾನ್ಯ ರಕ್ತಪರಿಚಲನೆಯಲ್ಲಿ ಹೋದರೆ ಶ್ವಾಸಕೋಶದಲ್ಲೇ ನಾಶವಾಗಬೇಕು. ಈ ಪ್ರಾಣಿಗಳಲ್ಲಿ ಅಂಡಾಶಯದ ಅಪಧಮನಿಯು ಗರ್ಭಕೋಶದಿಂದ ಬರುವ ಅಭಿಧಮನಿಗೆ ಸುತ್ತಿಕೊಂಡಂತೆ ಸಾಗುತ್ತದೆ. ಎಫ್2-ಆಲ್ಫಾದ ಒಂದಂಶವು ಅಭಿಧಮನಿಯ ಗೋಡೆಯನ್ನು ದಾಟಿ ನೇರವಾಗಿ ಅಪಧಮನಿಯನ್ನು ಸೇರಿ, ಶ್ವಾಸಕೋಶದ ಕಡೆ ಹೋಗದೆಯೇ ಅಂಡಾಶಯವನ್ನು ತಲುಪುತ್ತದೆ. ಗರ್ಭ ನಿಂತಿದ್ದರೆ ಭ್ರೂಣವು ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಸ್ರವಿಸಿ ಈ ಅಲೆಗಳನ್ನು ತಡೆಯುತ್ತದೆ. ಮನುಷ್ಯರಲ್ಲಿ ಗರ್ಭಕೋಶ ತೆಗೆದ ಮೇಲೂ ಅಂಡಾಶಯದ ಚಕ್ರ ನಡೆಯುವುದರಿಂದ ಅಲ್ಲಿ ಈ ವ್ಯವಸ್ಥೆ ಇಲ್ಲವೆಂದು ತಿಳಿಯಬೇಕು.

ಹಲವು ಹಸುಗಳು ಒಟ್ಟಿಗೆ ಬೆದೆಗೆ ಬರುವಂತೆ ಮಾಡಲು ನಾವು ಎಫ್2-ಆಲ್ಫಾದ ಕೃತಕ ರೂಪವಾದ ಕ್ಲೊಪ್ರೊಸ್ಟೆನಾಲ್ ಚುಚ್ಚುಮದ್ದು ಕೊಡುವುದು ಇದೇ ಆಧಾರದ ಮೇಲೆ. ಬೆದೆಯ ನಂತರದ ಮೊದಲ ಐದಾರು ದಿನ ಕಾರ್ಪಸ್ ಲೂಟಿಯಮ್ ಇದಕ್ಕೆ ಸ್ಪಂದಿಸುವುದಿಲ್ಲ, ಹಾಗಾಗಿ ದಿನ ನೋಡದೆ ಕೊಟ್ಟ ಮದ್ದು ವ್ಯರ್ಥವಾಗುತ್ತದೆ. ಈ ಔಷಧ ಚರ್ಮದ ಮೂಲಕವೂ ಒಳಸೇರುತ್ತದೆ ಎಂಬುದನ್ನು ವೈದ್ಯೆಯವರ ಮಾತಿನ ಜೊತೆ ಸೇರಿಸಿ ಓದಿ: ಗರ್ಭಿಣಿಯರೂ ಆಸ್ತಮಾ ಇರುವವರೂ ಇದನ್ನು ಕೈಯಲ್ಲಿ ಮುಟ್ಟಬಾರದು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಆಸ್ಪಿರಿನ್ ಮತ್ತು ರೋಫೆಕಾಕ್ಸಿಬ್ ನಡುವಿನ ಭೇದ ಈಗ ಸ್ಪಷ್ಟವಾಯಿತು. ಇನ್ನೆರಡು ಸಂದೇಹಗಳಿವೆ. ನಾಶವಾಗುವ ವೇಗವೂ ಮುಖ್ಯವೆಂದು ಎಲ್ಲರೂ ಹೇಳಿದಿರಿ. ಹಾಗಿದ್ದರೆ ನಾಶಪಡಿಸುವ ಕಿಣ್ವವೇ ಕೆಟ್ಟರೆ ಏನಾಗುತ್ತದೆ? ಮತ್ತು, ನನ್ನ ಕಿರುಸಂಶೋಧನೆಗಾಗಿ ರಕ್ತದಲ್ಲಿ ಥ್ರಾಂಬಾಕ್ಸೇನ್ ಪ್ರಮಾಣವನ್ನು ಅಳೆಯಬೇಕೆಂದಿದ್ದೇನೆ. ಅದು ಸರಿಯಾದ ಕ್ರಮವೇ?

ಉತ್ತರ 4: ಲಿಪಿಡ್ ಜೀವಶಾಸ್ತ್ರ ಸಂಶೋಧಕಿ

ಮೊದಲ ಸಂದೇಹಕ್ಕೆ ಪ್ರಕೃತಿಯೇ ಉತ್ತರ ಕೊಟ್ಟಿದೆ. ಇ2ನ್ನು ನಿಷ್ಕ್ರಿಯಗೊಳಿಸುವ ಮೊದಲ ಹಂತದ ಕಿಣ್ವದ ಹೆಸರು 15-ಹೈಡ್ರಾಕ್ಸಿಪ್ರೊಸ್ಟಾಗ್ಲಾಂಡಿನ್ ಡಿಹೈಡ್ರಾಜಿನೇಸ್. ಈ ಕಿಣ್ವದ ಜೀನ್‌ನ ಎರಡೂ ಪ್ರತಿಗಳು ಕೆಟ್ಟಿರುವ ಕುಟುಂಬಗಳನ್ನು 2008ರಲ್ಲಿ ಗುರುತಿಸಲಾಯಿತು. ಅವರಲ್ಲಿ ಬೆರಳುಗಳ ತುದಿ ಗುಂಡಗೆ ಊದಿಕೊಳ್ಳುತ್ತದೆ, ಉದ್ದ ಮೂಳೆಗಳ ಮೇಲ್ಪದರದಲ್ಲಿ ಹೊಸ ಮೂಳೆ ಬೆಳೆದು ಕೀಲು ನೋಯುತ್ತದೆ, ಕೆಲವರಲ್ಲಿ ವೈದ್ಯೆಯವರು ವಿವರಿಸಿದ ಆ ನಾಳ ಹುಟ್ಟಿದ ಮೇಲೂ ತೆರೆದೇ ಉಳಿಯುತ್ತದೆ. ಮೂತ್ರದಲ್ಲಿ ಇ2 ಹೆಚ್ಚಾಗಿಯೂ ಅದರ ವಿಘಟಿತ ರೂಪ ಕಡಿಮೆಯಾಗಿಯೂ ಇರುತ್ತದೆ. ಶ್ವಾಸಕೋಶದ ಕಾಯಿಲೆಗಳಲ್ಲಿ ಬೆರಳ ತುದಿ ಊದುವುದನ್ನು ವೈದ್ಯರು ಹಿಪೊಕ್ರೆಟಿಸನ ಕಾಲದಿಂದ ಗಮನಿಸುತ್ತ ಬಂದಿದ್ದಾರೆ. ಅದರ ಹಿಂದೆಯೂ ಶ್ವಾಸಕೋಶದಲ್ಲಿ ಸರಿಯಾಗಿ ನಾಶವಾಗದ ಇ2 ಇರಬಹುದೆಂಬ ಊಹೆಗೆ ಈ ಶೋಧ ಬಲ ಕೊಟ್ಟಿತು.

ಇದೇ ಕಿಣ್ವ ದೊಡ್ಡ ಕರುಳಿನ ಕ್ಯಾನ್ಸರಿನಲ್ಲೂ ಮುಖ್ಯ. ಅಲ್ಲಿನ ಗೆಡ್ಡೆಗಳಲ್ಲಿ ಅನೇಕ ವೇಳೆ ಕಾಕ್ಸ್-2 ಹೆಚ್ಚಿರುತ್ತದೆ, ನಾಶಕ ಕಿಣ್ವ ಕುಗ್ಗಿರುತ್ತದೆ. ಹೀಗೆ ಶೇಖರವಾಗುವ ಇ2 ಕೋಶಗಳ ವಿಭಜನೆಯನ್ನೂ ಹೊಸ ರಕ್ತನಾಳಗಳ ಬೆಳವಣಿಗೆಯನ್ನೂ ಪ್ರೋತ್ಸಾಹಿಸಿ, ರೋಗನಿರೋಧಕ ಕೋಶಗಳನ್ನು ಹತ್ತಿಕ್ಕುತ್ತದೆ. ಆನುವಂಶಿಕವಾಗಿ ಕರುಳಿನಲ್ಲಿ ನೂರಾರು ಗಂಟುಗಳು ಮೂಡುವ ಕಾಯಿಲೆಯಲ್ಲಿ ಸುಲಿಂಡಾಕ್ ಎಂಬ ನೋವುನಿವಾರಕ ಆ ಗಂಟುಗಳನ್ನು ಕುಗ್ಗಿಸುತ್ತದೆ, ಕರುಳಿನ ಕ್ಯಾನ್ಸರಿನ ಸಾಧ್ಯತೆಯನ್ನು ಹೆಚ್ಚಿಸುವ ಆನುವಂಶಿಕ ಸ್ಥಿತಿಯಾದ ಲಿಂಚ್ ಸಿಂಡ್ರೋಮ್ ಇರುವವರಲ್ಲಿ ಆಸ್ಪಿರಿನ್ ಹಲವು ವರ್ಷಗಳ ನಂತರ ಕ್ಯಾನ್ಸರನ್ನು ತಗ್ಗಿಸಿದ್ದು ಕ್ಯಾಪ್-2 ಪರೀಕ್ಷೆಯಲ್ಲಿ ಕಂಡುಬಂತು. ಹಾಗೆಂದು ಎಲ್ಲರೂ ಆಸ್ಪಿರಿನ್ ನುಂಗಬೇಕೆಂಬ ತೀರ್ಮಾನಕ್ಕೆ ಬರುವಂತಿಲ್ಲ; ರಕ್ತಸ್ರಾವದ ಅಪಾಯ ಸಣ್ಣದಲ್ಲ. ಇದರ ಮಗ್ಗುಲಲ್ಲೇ ಇನ್ನೊಂದು ಸಂಗತಿಯನ್ನೂ ಇಡಬೇಕು: ಆ ನಾಶಕ ಕಿಣ್ವವನ್ನು ಔಷಧದಿಂದ ತಡೆದಾಗ ಇಲಿಗಳಲ್ಲಿ ಮೂಳೆಮಜ್ಜೆ, ಕರುಳು ಮತ್ತು ಯಕೃತ್ತು ಗಾಯದಿಂದ ಬೇಗ ಚೇತರಿಸಿಕೊಂಡವೆಂದು 2015ರಲ್ಲಿ ವರದಿಯಾಯಿತು. ಗಾಯ ಮಾಯಲು ನೆರವಾಗುವ ಇ2ವೇ ಗೆಡ್ಡೆಗೂ ನೆರವಾಗುತ್ತದೆ, ಆದ್ದರಿಂದ ಇಂಥ ಔಷಧವನ್ನು ದೀರ್ಘಕಾಲ ಕೊಡುವ ಯೋಚನೆಯ ಬಗ್ಗೆ ನನಗೆ ವೈಯಕ್ತಿಕವಾಗಿ ಹಿಂಜರಿಕೆಯಿದೆ.

ಬೋಧಕರ ಉತ್ತರಕ್ಕೆ ಒಂದು ಸಣ್ಣ ಸೇರ್ಪಡೆ. ಕಾಕ್ಸ್-1 ದಿನನಿತ್ಯದ ಕೆಲಸಕ್ಕೆ, ಕಾಕ್ಸ್-2 ಉರಿಯೂತಕ್ಕೆ ಎಂಬ ವಿಭಜನೆ ಪಠ್ಯಪುಸ್ತಕಗಳಲ್ಲಿ ಇನ್ನೂ ಉಳಿದುಕೊಂಡಿದೆ. ಆದರೆ ಅದು ಪೂರ್ತಿ ಸರಿಯಲ್ಲ: ಮೂತ್ರಪಿಂಡ ಮತ್ತು ಮಿದುಳಿನಲ್ಲಿ ಕಾಕ್ಸ್-2 ಆರೋಗ್ಯವಂತರಲ್ಲೂ ಸದಾ ಇರುತ್ತದೆ. ನಿರ್ಜಲೀಕರಣವಾದಾಗ ಮೂತ್ರಪಿಂಡದ ರಕ್ತಸಂಚಾರ ಪ್ರೊಸ್ಟಾಗ್ಲಾಂಡಿನ್ ಮೇಲೆ ಅವಲಂಬಿಸುವುದರಿಂದ, ಮೂತ್ರವರ್ಧಕವನ್ನೂ ಎಸಿಇ ತಡೆಯುವ ರಕ್ತದೊತ್ತಡದ ಔಷಧವನ್ನೂ ತೆಗೆದುಕೊಳ್ಳುತ್ತಿರುವ ವ್ಯಕ್ತಿ ಅದರ ಮೇಲೆ ನೋವುನಿವಾರಕವನ್ನೂ ಸೇರಿಸಿದರೆ ಮೂತ್ರಪಿಂಡ ದಿಢೀರನೆ ಸೋಲಬಹುದು. ಕಾಕ್ಸಿಬ್ ಆರಿಸಿಕೊಂಡರೂ ಈ ಅಪಾಯ ತಪ್ಪುವುದಿಲ್ಲ.

ಇನ್ನು ನಿಮ್ಮ ಅಳತೆಯ ವಿಚಾರ. ರಕ್ತದ ಪ್ಲಾಸ್ಮಾದಲ್ಲಿ ಥ್ರಾಂಬಾಕ್ಸೇನ್ ಅಳೆಯಬೇಡಿ. ಎ2 ಕ್ಷಣಮಾತ್ರದಲ್ಲಿ ಥ್ರಾಂಬಾಕ್ಸೇನ್ ಬಿ2 ಎಂಬ ನಿಷ್ಕ್ರಿಯ ರೂಪವಾಗಿಬಿಡುತ್ತದೆ, ಹಾಗಾಗಿ ಎಲ್ಲರೂ ಅಳೆಯುವುದು ಬಿ2ವನ್ನೇ; ಆದರೆ ಸೂಜಿ ಚುಚ್ಚಿ ರಕ್ತ ಎಳೆಯುವಾಗಲೇ ಪ್ಲೇಟ್‌ಲೆಟ್‌ಗಳು ಕೆರಳಿ ಅದನ್ನು ತಯಾರಿಸುವುದರಿಂದ, ನಿಮಗೆ ಸಿಗುವ ಸಂಖ್ಯೆ ರೋಗಿಯ ಸ್ಥಿತಿಗಿಂತ ಹೆಚ್ಚಾಗಿ ರಕ್ತ ತೆಗೆದವರ ಕೈಚಳಕವನ್ನು ಹೇಳುತ್ತದೆ. ಆಸ್ಪಿರಿನ್ ಪ್ಲೇಟ್‌ಲೆಟ್‌ಗಳ ಸಾಮರ್ಥ್ಯವನ್ನು ಎಷ್ಟು ತಗ್ಗಿಸಿದೆ ಎಂದು ತಿಳಿಯಬೇಕಿದ್ದರೆ, ರಕ್ತವನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಹೆಪ್ಪುಗಟ್ಟಲು ಬಿಟ್ಟು ಸೀರಮ್‌ನಲ್ಲಿರುವ ಬಿ2ವನ್ನು ಅಳೆಯಿರಿ. ದೇಹದೊಳಗೆ ನಿಜವಾಗಿ ಎಷ್ಟು ತಯಾರಾಗುತ್ತಿದೆ ಎಂಬುದು ಪ್ರಶ್ನೆಯಾಗಿದ್ದರೆ ಮೂತ್ರದಲ್ಲಿ 11-ಡಿಹೈಡ್ರೊ ಥ್ರಾಂಬಾಕ್ಸೇನ್ ಬಿ2ವನ್ನು ಅಳೆದು, ಕ್ರಿಯಾಟಿನಿನ್‌ಗೆ ಹೋಲಿಸಿ ಬರೆಯಿರಿ. ಮಾದರಿ ಕೊಡುವವರು ಹಿಂದಿನ ಎರಡು ವಾರಗಳಲ್ಲಿ ಆಸ್ಪಿರಿನ್ ಅಥವಾ ಬೇರೆ ನೋವುನಿವಾರಕ ತೆಗೆದುಕೊಂಡಿದ್ದಾರೆಯೇ ಎಂದು ಕೇಳಿ ದಾಖಲಿಸಿಕೊಳ್ಳಿ. ಆಸ್ಪಿರಿನ್‌ಗೆ ಮುನ್ನ ಐಬುಪ್ರೊಫೆನ್ ತೆಗೆದುಕೊಂಡವರಲ್ಲಿ ಅದು ಕಿಣ್ವದ ಬಾಯಿಯಲ್ಲಿ ಮೊದಲೇ ಕುಳಿತು ಆಸ್ಪಿರಿನ್‌ಗೆ ಜಾಗ ಬಿಡುವುದಿಲ್ಲ. ಅಂಥವರ ಮಾದರಿಗಳನ್ನು ಪ್ರತ್ಯೇಕವಾಗಿಡದಿದ್ದರೆ ನಿಮ್ಮ ಫಲಿತಾಂಶಗಳಿಗೆ ಅರ್ಥ ಹಚ್ಚುವುದು ಕಷ್ಟವಾಗುತ್ತದೆ.